ಓದುಗರ ಪ್ರಶ್ನೆ: ಕಪಾಟಿನಲ್ಲಿ ಕಿಟ್ ಇದ್ದರೂ ಸಿಸ್ಟಂ ಇಲ್ಲ ಅನ್ನುವುದೇಕೆ?

ಪ್ರಶ್ನೆ: ನಮ್ಮದು ಡಬಲ್ ಬ್ಲೈಂಡ್ (ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲದ) ಕ್ಲಿನಿಕಲ್ ಟ್ರಯಲ್, ಔಷಧಿ ಮತ್ತು ಪ್ಲಸೀಬೊ (ನೋಡಲು ಔಷಧಿಯಂತಿರುವ ಹುಸಿ ಔಷಧಿ) ಎರಡೇ ಗುಂಪು. ಕಪಾಟಿನಲ್ಲಿ 9 ಕಿಟ್ (ರೋಗಿಗೆ ಕೊಡುವ ಪೊಟ್ಟಣ) ಇದ್ದರೂ ಹೊಸ ರೋಗಿಯನ್ನು ಸೇರಿಸಲು ಹೋದರೆ ಐಆರ್‌ಟಿ ಸಿಸ್ಟಂ (ರೋಗಿಗೆ ಗುಂಪು ಹಂಚಿ, ಕಿಟ್ ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್) 'ಕಿಟ್ ಇಲ್ಲ' ಅನ್ನುತ್ತಿದೆ. ಎಲ್ಲಿ ತಪ್ಪಾಗಿದೆ?

ಉತ್ತರ: ನೀವು ಎಣಿಸುವ ಕಿಟ್ಟೇ ಬೇರೆ, ಸಿಸ್ಟಂ ಎಣಿಸುವ ಕಿಟ್ಟೇ ಬೇರೆ. ಪೆಟ್ಟಿಗೆ ಬಂದದ್ದನ್ನು ಸಿಸ್ಟಂನಲ್ಲಿ ದಾಖಲಿಸಿದ್ದೀರಾ, ಮೊದಲು ನೋಡಿ. ಇಲ್ಲದಿದ್ದರೆ ಅದರ ಲೆಕ್ಕದಲ್ಲಿ ಆ ಕಿಟ್‌ಗಳು ಇನ್ನೂ ದಾರಿಯಲ್ಲೇ ಇವೆ. ಆಮೇಲೆ ಎಕ್ಸ್‌ಪೈರಿ. ರೋಗಿ ಬರುವುದು 28 ದಿನಕ್ಕೊಮ್ಮೆ, 3 ದಿನ ತಡವಾದರೂ ನಡೆಯುತ್ತದೆ ಎಂದಿದ್ದರೆ, ಇನ್ನು 31 ದಿನ ಬಾಳದ ಕಿಟ್ಟನ್ನು ಸಿಸ್ಟಂ ಕೊಡದು.

ಎರಡೂ ಸರಿಯಿದ್ದರೆ, ಆ 9 ಕಿಟ್ಟೂ ಒಂದೇ ಬಗೆಯವಿರಬಹುದು (ಎಲ್ಲವೂ ಔಷಧಿ, ಇಲ್ಲವೇ ಎಲ್ಲವೂ ಪ್ಲಸೀಬೊ), ಇನ್ನೊಂದು ಬಗೆ ಖಾಲಿಯಾಗಿರಬಹುದು. ಖಾಲಿಯಾದದ್ದು ಯಾವುದು ಎಂದು ಊಹಿಸಬೇಡಿ, ಕೇಳಲೂ ಬೇಡಿ. ಬ್ಲೈಂಡ್ ಒಡೆಯುವುದು ಹೀಗೇ. ಸ್ಪಾನ್ಸರ್ (ಟ್ರಯಲ್ ನಡೆಸುವ ಸಂಸ್ಥೆ) ಕಡೆ ಅದನ್ನು ನೋಡಬಲ್ಲ ಸಪ್ಲೈ ಮ್ಯಾನೇಜರ್‌ಗೆ ಬಿಡಿ.

ಹೊಸ ಪೆಟ್ಟಿಗೆ ಯಾವಾಗ ಹೊರಡಬೇಕೆಂಬ ಸ್ಟಾಕ್ ಮಟ್ಟ ನಿಗದಿ ಮಾಡುವವರು ಎಡವುವುದು ಇಲ್ಲೇ. ಕಿಟ್ ತಲುಪಲು 7 ದಿನ ಹಿಡಿಯುತ್ತದೆ, ಅಷ್ಟರೊಳಗೆ ಹೆಚ್ಚೆಂದರೆ 2 ಹೊಸ ರೋಗಿಗಳು, 1 ಮರುಭೇಟಿ, ಭೇಟಿಗೆ ಒಂದೇ ಕಿಟ್ ಅಂದುಕೊಳ್ಳಿ. ಮೂವರೂ ಒಂದೇ ಗುಂಪಿಗೆ ಬಿದ್ದರೆ ಆ ಬಗೆಯ 3 ಕಿಟ್ ಬೇಕು. ಆದ್ದರಿಂದ ಪ್ರತಿ ಬಗೆಗೂ ಟ್ರಿಗರ್ (ಹೊಸ ಪೆಟ್ಟಿಗೆ ಹೊರಡಿಸುವ ಸ್ಟಾಕ್ ಮಟ್ಟ) 3. ಸರಾಸರಿ ಒಂದೂವರೆ ಎಂದು 2 ಇಟ್ಟವರು ಸಿಕ್ಕಿಬೀಳುತ್ತಾರೆ. ರೀಸಪ್ಲೈ ಮಟ್ಟ (ಸ್ಟಾಕನ್ನು ಎಷ್ಟಕ್ಕೆ ತುಂಬಿಸಬೇಕೆಂಬುದು) 7 ಆದರೆ, ಸ್ಟಾಕ್ 3ಕ್ಕೆ ಇಳಿದಾಗ 4 ಹೊರಡುತ್ತವೆ. ಪೆಟ್ಟಿಗೆ ಹೊರಡುವುದು 3ಕ್ಕೆ ಬಂದಾಗಲೋ, ಅದಕ್ಕಿಂತ ಕೆಳಗಿಳಿದಾಗಲೋ? ಸಿಸ್ಟಂನಿಂದ ಸಿಸ್ಟಂಗೆ ಇದು ಬೇರೆ. ಟೆಸ್ಟಿಂಗ್ ಹೊತ್ತಲ್ಲೇ ನೋಡಿಬಿಡಿ. ದಾರಿಯಲ್ಲಿರುವ ಕಿಟ್‌ಗಳೂ ಲೆಕ್ಕಕ್ಕೆ ಬರಬೇಕು, ಇಲ್ಲವಾದರೆ ಒಂದೇ ಕೊರತೆಗೆ ಎರಡು ಪೆಟ್ಟಿಗೆ ಬರುತ್ತವೆ. ಎರಡು ಮಟ್ಟಗಳ ನಡುವೆ ಅಂತರ ಕಿರಿದಾದಷ್ಟೂ ಪೆಟ್ಟಿಗೆಗಳು ಹೆಚ್ಚು. ತೀರಾ ಅಗಲವಾದರೆ ರೋಗಿಗಳು ಕಡಿಮೆ ಇರುವ ಕೇಂದ್ರದಲ್ಲಿ ಔಷಧಿ ಅವಧಿ ಮೀರಿ ಕೂರುತ್ತದೆ. ಹೊಸಬರ ಸೇರ್ಪಡೆ ನಿಂತ ದಿನವೇ ಟ್ರಿಗರ್ ಇಳಿಸಿ, ಅಲ್ಲಿಂದ ಮುಂದೆ ನಿಗದಿಯಾದ ಭೇಟಿಗಳ ಲೆಕ್ಕ ಸಾಕು.

ಪ್ರಶ್ನೆ: ಟೆಂಪರೇಚರ್ ಲಾಗರ್ (ತಾಪಮಾನ ದಾಖಲಿಸುವ ಸಾಧನ) ಅಲಾರಂ ತೋರಿಸಿದ ಕಿಟ್‌ಗಳನ್ನು ವಾಪಸ್ ಕಳಿಸಬೇಕೆ?

ಉತ್ತರ: ಈಗಲೇ ಬೇಡ. ಹೊರಗೂ ಇಡಬೇಡಿ. ಲೇಬಲ್ ಮೇಲೆ 2–8 ಡಿಗ್ರಿ ಎಂದಿದ್ದರೆ ಅದೇ ಫ್ರಿಜ್‌ನಲ್ಲಿ ಬೇರೆ ಟ್ರೇನಲ್ಲಿಡಿ, ಸಿಸ್ಟಂನಲ್ಲಿ ಕ್ವಾರಂಟೈನ್ ಎಂದು ಗುರುತು ಮಾಡಿ, ಲಾಗರ್ ಡೇಟಾ ಸ್ಪಾನ್ಸರ್‌ಗೆ ಕಳಿಸಿ. ಉತ್ತರ ಬರುವವರೆಗೆ ಒಂದನ್ನೂ ರೋಗಿಗೆ ಕೊಡಬೇಡಿ. ಕ್ವಾರಂಟೈನ್ ಆದ ಕಿಟ್ ಸ್ಟಾಕಿನ ಲೆಕ್ಕದಿಂದ ಹೊರಗುಳಿಯುವುದರಿಂದ, ಮಟ್ಟ ಟ್ರಿಗರ್‌ಗೆ ಇಳಿದರೆ ಬದಲಿ ಪೆಟ್ಟಿಗೆ ತಾನಾಗಿಯೇ ಹೊರಡುತ್ತದೆ. ಗುರುತು ಹಾಕದೆ ಸುಮ್ಮನೆ ಪಕ್ಕಕ್ಕಿಟ್ಟರೆ ಹೊರಡುವುದಿಲ್ಲ.