ಒಂದು ಕಣಿವೆಯ ವಾಯುಗುಣಕ್ಕೆ ಪ್ರತ್ಯೇಕ ಮಾದರಿ ಬೇಕೇ?

ಪ್ರಶ್ನೆ: ಜಾಗತಿಕ ಹವಾಮಾನ ಮಾದರಿಗಳು ಇಡೀ ಭೂಮಿಯನ್ನೇ ಲೆಕ್ಕ ಹಾಕುತ್ತಿರುವಾಗ, ಒಂದು ಕಣಿವೆಯ ವಾಯುಗುಣವನ್ನು ತಿಳಿಯಲು ಪ್ರಾದೇಶಿಕ ಮಾದರಿ ಏಕೆ ಬೇಕು? ಅದರ ಫಲಿತಾಂಶವನ್ನು ಎಷ್ಟು ನಂಬಬಹುದು?

ಉತ್ತರ: ಮಾದರಿ ಎಂದರೆ ಭೌತನಿಯಮಗಳ ಸಮೀಕರಣಗಳಿಂದ ವಾಯುಗುಣವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಜಾಗತಿಕ ಮಾದರಿಯು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದೇ ಎತ್ತರ, ಒಂದೇ ಉಷ್ಣಾಂಶ, ಒಂದೇ ಮಳೆಯ ಪ್ರಮಾಣವನ್ನು ಕೊಡುತ್ತದೆ. ಚೌಕದ ಬದಿ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸಿನಲ್ಲಿರುವುದರಿಂದ, 30 ಕಿ.ಮೀ. ಅಗಲದ ಎತ್ತರದ ಬೆಟ್ಟಸಾಲೂ ಸರಾಸರಿಯಲ್ಲಿ ಕರಗಿ ಸಣ್ಣ ದಿಬ್ಬವಾಗಿಬಿಡುತ್ತದೆ. ಗಾಳಿಗೆ ಎದುರಾದ ಇಳಿಜಾರಿನ ಜಡಿಮಳೆಯಾಗಲಿ, ಆಚೆ ಬದಿಯ ಮಳೆನೆರಳಾಗಲಿ ಲೆಕ್ಕದಲ್ಲಿ ಸರಿಯಾಗಿ ಮೂಡುವುದಿಲ್ಲ. ಪ್ರಾದೇಶಿಕ ಮಾದರಿಯು ಒಂದು ಭೂಭಾಗವನ್ನಷ್ಟೇ ಆಯ್ದುಕೊಂಡು, ಅದೇ ಭೌತನಿಯಮಗಳನ್ನು ಸಾಮಾನ್ಯವಾಗಿ 10ರಿಂದ 50 ಕಿ.ಮೀ. ಬದಿಯ ಚೌಕಗಳಲ್ಲಿ ಬಿಡಿಸುತ್ತದೆ. ಇಡೀ ಭೂಮಿಗೇ ಹೀಗೆ ಮಾಡಬಾರದೇಕೆ ಎಂದರೆ, ಬದಿಯನ್ನು ಅರ್ಧಕ್ಕಿಳಿಸಿದಾಗ ಚೌಕಗಳು 4 ಪಟ್ಟಾಗುವುದಲ್ಲದೆ ಒಂದು ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ನಡುವಿನ ಕಾಲಾವಧಿಯನ್ನೂ ಅರ್ಧಕ್ಕಿಳಿಸಬೇಕಾಗುತ್ತದೆ. ಒಟ್ಟು ಗಣನೆ ಸುಮಾರು 8 ಪಟ್ಟು ಏರುತ್ತದೆ.

ನಂಬಿಕೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಆಯ್ದ ಭೂಭಾಗದ ಅಂಚಿನಲ್ಲಿ ಗಾಳಿ, ತೇವಾಂಶ, ಉಷ್ಣಾಂಶಗಳನ್ನು ಸಾಮಾನ್ಯವಾಗಿ 6 ಗಂಟೆಗೊಮ್ಮೆ ಒದಗಿಸುವುದು ಜಾಗತಿಕ ಮಾದರಿಯೇ. ಅದು ಮಾರುತಗಳ ದಾರಿಯನ್ನೇ ತಪ್ಪಾಗಿ ತೋರಿಸಿದರೆ, ಪ್ರಾದೇಶಿಕ ಮಾದರಿಯು ಆ ತಪ್ಪನ್ನೇ ಹೆಚ್ಚು ವಿವರವಾಗಿ ಚಿತ್ರಿಸುತ್ತದೆ. ನಕ್ಷೆ ನುಣುಪಾಗಿ ಕಂಡ ಮಾತ್ರಕ್ಕೆ ನಿಜವೆಂದು ನಂಬುವ ಅಭ್ಯಾಸ ತಜ್ಞರಲ್ಲೂ ಇಲ್ಲದಿಲ್ಲ! ಆದ್ದರಿಂದ ಮೊದಲು, ವೀಕ್ಷಣೆಗಳನ್ನು ಬೆರೆಸಿ ಸಿದ್ಧಪಡಿಸಿದ ಗತಕಾಲದ ದತ್ತಾಂಶವನ್ನು ಜಾಗತಿಕ ಮಾದರಿಯ ಅಂಕಿಗಳ ಬದಲು ಅಂಚಿಗೆ ಕೊಟ್ಟು, ಬಂದ ಫಲಿತಾಂಶವನ್ನು ಮಳೆಮಾಪಕಗಳ ದಾಖಲೆಯೊಂದಿಗೆ ಹೋಲಿಸುತ್ತಾರೆ. ಆಗ ಪ್ರಾದೇಶಿಕ ಮಾದರಿಯ ಸ್ವಂತ ದೋಷವೆಷ್ಟು ಎಂಬುದು ಬೇರೆಯಾಗಿ ತಿಳಿಯುತ್ತದೆ. ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮವು 2009ರಲ್ಲಿ ಆರಂಭಿಸಿದ ‘ಕಾರ್ಡೆಕ್ಸ್’ ಯೋಜನೆ, ಖಂಡಗಳನ್ನು ನಿಗದಿತ ವಲಯಗಳಾಗಿ ಗುರುತಿಸಿ, ಒಂದೇ ವಲಯಕ್ಕೆ ಹಲವು ಮಾದರಿಗಳನ್ನು ಓಡಿಸಿ ಹೋಲಿಸಲು ಅನುವು ಮಾಡಿಕೊಟ್ಟಿದೆ.

ಗುಡುಗುಮಳೆಯ ಮಾತು ಬೇರೆ. ಮೋಡದೊಳಗಿನ ಏರುಗಾಳಿ ಕೆಲವೇ ಕಿ.ಮೀ. ಅಗಲವಿರುವುದರಿಂದ, ಸುಮಾರು 4 ಕಿ.ಮೀ.ಗಿಂತ ಕಿರಿದಾದ ಚೌಕಗಳಿಲ್ಲದೆ ಅದನ್ನು ನೇರವಾಗಿ ಬಿಡಿಸಲಾಗದು. ದೊಡ್ಡ ಚೌಕಗಳಲ್ಲಿ ಅಂದಾಜು ಸೂತ್ರಗಳೇ ಗತಿ.

ನಿಮ್ಮ ಕಣಿವೆಯ ಅಂಕಿಅಂಶ ಕೈಗೆ ಬಂದಾಗ, ಮಾದರಿಯು ಆ ಚೌಕಕ್ಕೆ ಎಷ್ಟು ಎತ್ತರವನ್ನು ಕೊಟ್ಟಿದೆ ಎಂದು ಮೊದಲು ನೋಡಿ. ಪ್ರತಿ ಕಿ.ಮೀ. ಏರಿಕೆಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ನಿಜವಾದ ಎತ್ತರಕ್ಕೂ ಅದಕ್ಕೂ 300 ಮೀಟರ್ ವ್ಯತ್ಯಾಸವಿದ್ದರೆ ಅಷ್ಟರಿಂದಲೇ ಸುಮಾರು 2 ಡಿಗ್ರಿಯ ತಪ್ಪು ನುಸುಳಿರುತ್ತದೆ.