ಚಿನ್ನದ ಮೊಟ್ಟೆಯ ಕಥೆ ಬಾಯಿಪಾಠವಿದ್ದ ಹುಡುಗ

ಹುಡುಗನಿಗೆ ಎಂಟು ವರ್ಷ, ಮೂರನೇ ತರಗತಿ, ಇರುವುದು ಹಳೇ ದಾವಣಗೆರೆಯಲ್ಲಿ. ತಂದೆ ಲಾರಿ ಡ್ರೈವರ್, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಜೊತೆಗೆ ಅಜ್ಜಿ ಮತ್ತು ಪುಟ್ಟ ತಂಗಿ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹುಡುಗನನ್ನು ಇಲ್ಲಿ ಮಂಜು ಎಂದು ಕರೆಯೋಣ.

ಸಲಹೆ ಕೇಳಲು ಅವನನ್ನು ನನ್ನ ಹತ್ತಿರ ಕರೆತಂದವರು ಅಮ್ಮ ಮತ್ತು ಅಜ್ಜಿ. ದೂರು ಒಂದೇ: ದುರಾಸೆ.

"ಮನೇಲಿ ಏನೂ ಕಮ್ಮಿ ಮಾಡಿಲ್ಲ ಮೇಡಂ. ಆದ್ರೂ ಕಂಡಿದ್ದೆಲ್ಲ ಬೇಕು. ತಂಗಿ ತಟ್ಟೇಲಿರೋ ಮಿರ್ಚಿನೂ ಬೇಕು, ಪಕ್ಕದ ಮನೆ ಹುಡುಗನ ಗೋಲಿನೂ ಬೇಕು. ಈಗ ಸ್ಕೂಲಲ್ಲಿ ಬೇರೆ ಮಕ್ಕಳ ಬ್ಯಾಗಿಗೆ ಕೈ ಹಾಕಿದಾನೆ."

ತಾಯಿ ಒಂದು ಪ್ಲಾಸ್ಟಿಕ್ ಕವರ್ ತಂದಿದ್ದರು. ಟ್ರಂಕಿನ ಹಿಂದೆ ಸಿಕ್ಕಿದ್ದು. ಮೇಜಿನ ಮೇಲೆ ಸುರಿದರು. ರಬ್ಬರುಗಳು, ಮೆಂಡರುಗಳು, ಎರಡು ಸ್ಕೆಚ್ ಪೆನ್ನು, ಇರುವೆ ಮುತ್ತಿದ ಅರ್ಧ ಶೇಂಗಾ ಚಿಕ್ಕಿ, ಗಂಟು ಕಟ್ಟಿದ ಸಣ್ಣ ಕವರಿನಲ್ಲಿ ಮಂಡಕ್ಕಿ. ಬೈಯುವ ಮೊದಲು ಇಂಥವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ರಬ್ಬರುಗಳ ಮೂಲೆಗಳು ಇನ್ನೂ ಚೂಪಾಗಿದ್ದವು, ಒಂದನ್ನೂ ಅವನು ಬಳಸಿರಲಿಲ್ಲ. ಮಂಡಕ್ಕಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಈ ಊರಿನಲ್ಲಿ ಮೆತ್ತಗಾದ ಮಂಡಕ್ಕಿಯನ್ನು ಯಾರೂ ತಿನ್ನುವುದಿಲ್ಲ. ತಿನ್ನುವ ಆಸೆಗೆ ಎತ್ತಿಟ್ಟಿದ್ದರೆ ಅದು ಗರಿಗರಿಯಾಗಿದ್ದಾಗಲೇ ಖಾಲಿಯಾಗುತ್ತಿತ್ತು. ಈ ಮಗು ಕೂಡಿಡುತ್ತಿದೆ, ಮತ್ತು ಕೂಡಿಟ್ಟಿದ್ದನ್ನು ಮುಟ್ಟುತ್ತಿಲ್ಲ ಎಂದು ಅಲ್ಲೇ ಗುರುತು ಹಾಕಿಕೊಂಡೆ.

ಬುದ್ಧಿ ಹೇಳುವುದರಲ್ಲಿ ಮನೆಯವರು ಹಿಂದೆ ಬಿದ್ದಿರಲಿಲ್ಲ. ಅಜ್ಜಿ ದಿನಾ ರಾತ್ರಿ ಚಿನ್ನದ ಮೊಟ್ಟೆ ಇಡುವ ಕೋಳಿಯ ಕಥೆ ಹೇಳುತ್ತಿದ್ದರು. ಅಪ್ಪ ಮೊಬೈಲಿನಲ್ಲಿ ಅದೇ ಕಥೆಯ ಕಾರ್ಟೂನ್ ಹಾಕಿ ತೋರಿಸಿದ್ದರು. ಶಾಲೆಯಲ್ಲಿ ಅವನನ್ನೇ ಎದ್ದು ನಿಲ್ಲಿಸಿ ಇಡೀ ತರಗತಿಗೆ ಹೇಳಿಸಿದ್ದರು. ಕಥೆ ಮುಗಿದ ಕೂಡಲೇ ಎಲ್ಲ ಕಡೆಯೂ ಎಲ್ಲರೂ ಅವನ ಮುಖ ನೋಡುತ್ತಿದ್ದರು. "ಏನು ಹೇಳಿದ್ರೂ ನಾಟಲ್ಲ ಕಣವ್ವ ಇವನಿಗೆ" ಎಂದರು ಅಜ್ಜಿ.

ಅಮ್ಮ, ಅಜ್ಜಿಯನ್ನು ಹೊರಗೆ ಕೂರಿಸಿ, ಆ ಕಥೆ ನನಗೂ ಹೇಳು ಎಂದೆ. ಮಂಜು ಹೇಳಿದ್ದನ್ನು ಆಗಲೇ ಬರೆದುಕೊಂಡಿದ್ದೆ:

"ಒಬ್ಬ ರೈತ. ಅವನ ಹತ್ರ ಒಂದು ಕೋಳಿ. ದಿನಾ ಒಂದು ಚಿನ್ನದ ಮೊಟ್ಟೆ ಇಡ್ತಿತ್ತು. ಒಂದಿನ ಇಡ್ಲಿಲ್ಲ. ರೈತ ಕಾದ. ಸಂಜೆಗಂಟ ಕಾದ. ಇಡ್ಲಿಲ್ಲ. ಆಮೇಲೆ ಕೊಯ್ದ."

ಈಸೋಪನ ಕಥೆಯಲ್ಲಿ ಮೊಟ್ಟೆ ತಪ್ಪಿದ ದಿನವೇ ಇಲ್ಲ. ಕೋಳಿ ನಂಬಿಕಸ್ಥ, ಮನುಷ್ಯನಿಗೆ ಮಾತ್ರ ತಾಳ್ಮೆ ಇಲ್ಲ. ಅಜ್ಜಿ ಹಾಗೆಯೇ ಹೇಳಿದ್ದರು, ಕಾರ್ಟೂನಿನಲ್ಲೂ ಹಾಗೆಯೇ ಇತ್ತು. ಮೊಟ್ಟೆ ಬಾರದ ಆ ಒಂದು ದಿನವನ್ನು ಸೇರಿಸಿದವನು ಮಂಜು. ನಾನು ತಿದ್ದಲಿಲ್ಲ. "ಮಾರನೇ ದಿನ ಇಡ್ತಿತ್ತೇನೋ?" ಎಂದು ಕೇಳಿದೆ.

"ಯಾರಿಗ್ಗೊತ್ತು? ಇಡ್ತೀನಿ ಅಂತ ಹೇಳಿ ಇಡ್ದೆ ಹೋದ್ರೆ?"

ಇಡುತ್ತೇನೆ ಎಂದು ಯಾವ ಕೋಳಿಯೂ ಮಾತು ಕೊಡುವುದಿಲ್ಲ. ಮಾತು ಕೊಡುವವರು ಮನುಷ್ಯರು. ಹಾಗಾಗಿ ಮುಂದಿನ ಭೇಟಿಯಲ್ಲಿ ನಾನು ಕೂತು ಮಾತಾಡಿದ್ದು ಹೆಚ್ಚಾಗಿ ಅಜ್ಜಿಯ ಜೊತೆ.

ಮೂರು ವರ್ಷದವನಿದ್ದಾಗಿನಿಂದ ಆರು ತುಂಬುವವರೆಗೆ ಮಂಜು ಇದ್ದದ್ದು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ, ಈ ಅಜ್ಜಿಯ ಹತ್ತಿರ. ಅಪ್ಪ ಅಮ್ಮ ದಾವಣಗೆರೆಯಲ್ಲಿ ಬಾಡಿಗೆ ಮನೆ ಮಾಡಿ ಕಾಲೂರಲು ಹೆಣಗುತ್ತಿದ್ದರು. ನಡುವೆ ತಂಗಿ ಹುಟ್ಟಿದಳು. ಫೋನಿನಲ್ಲಿ "ಭಾನುವಾರ ಬರ್ತೀವಿ ಪುಟ್ಟ, ಸೈಕಲ್ ತರ್ತೀವಿ" ಎನ್ನುತ್ತಿದ್ದರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಲೋಡು ಹಿಡಿದು ತಮಿಳುನಾಡಿನ ಕಡೆ ಹೊರಟ ಲಾರಿ ಯಾವತ್ತು ವಾಪಸಾಗುತ್ತದೆ ಎಂದು ಡ್ರೈವರಿಗೇ ಗೊತ್ತಿರುವುದಿಲ್ಲ. ಎಷ್ಟೋ ಭಾನುವಾರ ಬರಲಾಗಲಿಲ್ಲ. "ಬಸ್ಸು ನಿಲ್ಲೋ ಕಟ್ಟೆ ಮೇಲೆ ಕೂತಿರೋದು ಕಣವ್ವ. ಕೊನೇ ಬಸ್ಸಿಗೂ ಬರ್ಲಿಲ್ಲ ಅಂದ್ರೆ ನಾನೇ ಹೋಗಿ ಎಬ್ಬಿಸ್ಕೊಂಡು ಬರ್ತಿದ್ದೆ" ಎಂದರು ಅಜ್ಜಿ. ಹೊರಗೆ ಬೆಂಚಿನ ಮೇಲಿದ್ದ ತಾಯಿಗೆ ಇದು ಕೇಳಿಸಿತು. ಅವರು ಅತ್ತರು. ಇದು ಯಾರ ದ್ರೋಹವೂ ಅಲ್ಲ, ದುಡಿಯುವ ಮನೆಗಳಲ್ಲಿ ಹೀಗಾಗುತ್ತದೆ ಎಂದು ಅವರಿಗೆ ಹೇಳಿದೆ. ನಿಜವಾಗಿಯೂ ನಾನು ಹಾಗೆಯೇ ನಂಬಿದ್ದೇನೆ. ಆದರೆ ಕಟ್ಟೆಯ ಮೇಲೆ ಕೂತ ಮಗು ಕಲಿತದ್ದು ಒಂದನ್ನೇ: ಕೈಗೆ ಸಿಕ್ಕಿದ್ದು ಮಾತ್ರ ನನ್ನದು, ನಾಳೆ ಕೊಡುತ್ತೇವೆ ಎಂದದ್ದು ಬರುವುದಿಲ್ಲ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ತಾಯಿಗೆ ವಿವರಿಸಿದೆ. ಸಣ್ಣ ಪ್ರಯೋಗ, 28 ಮಕ್ಕಳು. ಚಿತ್ರ ಬಿಡಿಸಲು ಕೂತ ಮಕ್ಕಳಿಗೆ ಇನ್ನೂ ಚೆನ್ನಾದ ಬಣ್ಣದ ಕಡ್ಡಿ ತರುತ್ತೇನೆಂದು ದೊಡ್ಡವರೊಬ್ಬರು ಹೇಳಿ ಹೋದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದರ್ಧಕ್ಕೆ ಇಲ್ಲವೆಂದು ಬರಿಗೈಯಲ್ಲಿ ಬಂದರು. ಸ್ಟಿಕ್ಕರ್ ವಿಷಯದಲ್ಲೂ ಹಾಗೆಯೇ ಮಾಡಿದರು. ಆಮೇಲೆ ಎದುರಿಗೆ ಒಂದು ಮಿಠಾಯಿ ಇಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ್ದನ್ನು ಕಂಡವರು 3 ನಿಮಿಷ. ಇದನ್ನು ಬರಿ ಸ್ವಭಾವ ಎನ್ನುವುದು ಹೇಗೆ? ಬರುವುದಿಲ್ಲ ಎಂದು ಗೊತ್ತಿದ್ದರೆ ಕಾಯದಿರುವುದು ಲೆಕ್ಕಾಚಾರವೇ.

ದುರಾಸೆಯೆಂಬುದೇ ಇಲ್ಲ, ಮಕ್ಕಳಿಗೆ ಏನೂ ಹೇಳಬೇಡಿ ಎಂದು ನಾನು ಹೇಳುವವಳಲ್ಲ. ಸಾಕು ಎನ್ನಲು ಮಕ್ಕಳು ಕಲಿಯಲೇಬೇಕು, ಕಥೆಯಿಂದ ಕಲಿಸುವ ನಮ್ಮ ರೂಢಿಯೂ ಒಳ್ಳೆಯದೇ. ಆದರೆ ಭಯದಿಂದ ಕೂಡಿಡುವ ಮಗುವಿಗೆ "ಅತಿಯಾಸೆ ಗತಿಗೇಡು" ಎಂದು ದಿನಾ ಚುಚ್ಚಿದರೆ ಅದರ ಭಯ ಹೆಚ್ಚುತ್ತದೆ, ಬಚ್ಚಿಡುವ ಜಾಗ ಮಾತ್ರ ಬದಲಾಗುತ್ತದೆ.

ಕಥೆಯ ಆಯ್ಕೆಯೂ ಮುಖ್ಯ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಮಕ್ಕಳ ಸುಳ್ಳಿನ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. "ತೋಳ ಬಂತು ತೋಳ" ಕಥೆ ಕೇಳಿದ ಮೂರರಿಂದ ಏಳು ವರ್ಷದ ಮಕ್ಕಳು, ಸುಳ್ಳಿಗೆ ಸಂಬಂಧವಿಲ್ಲದ ಕಥೆ ಕೇಳಿದವರಿಗಿಂತ ಹೆಚ್ಚು ನಿಜ ಹೇಳಲಿಲ್ಲ. ನಿಜ ಹೇಳಿ ಅಪ್ಪನಿಂದ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರು ಹೇಳಿದರು. ಅಲ್ಲಿಯದೇ ಇನ್ನೊಂದು ಅಧ್ಯಯನ 2017ರದ್ದು, ಹಂಚಿಕೊಳ್ಳುವುದರ ಬಗ್ಗೆ. ಪ್ರಾಣಿಗಳು ಮನುಷ್ಯರಂತೆ ಮಾತಾಡುವ ಕಥೆಗಿಂತ ಮನುಷ್ಯರೇ ಇರುವ ಕಥೆ ಕೇಳಿದ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಕೊಟ್ಟರು. ಇವೆರಡರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ, ಆದರೂ ನನ್ನ ಅನುಭವಕ್ಕೆ ಒಗ್ಗುತ್ತವೆ. ಕೆಟ್ಟದ್ದು ಮಾಡಿದವನ ಗತಿ ಏನಾಯಿತು ಎನ್ನುವುದಕ್ಕಿಂತ, ಕೈ ಹಿಡಿತದಲ್ಲಿಟ್ಟವನಿಗೆ ಏನು ಒಳ್ಳೆಯದಾಯಿತು ಎನ್ನುವುದು ಮಗುವಿಗೆ ದಾರಿ ತೋರಿಸುತ್ತದೆ.

ಕೋಳಿಯ ಕಥೆಯನ್ನು ಸ್ವಲ್ಪ ದಿನ ನಿಲ್ಲಿಸಲು ಹೇಳಿ, ಅದರ ಅಣ್ಣನಂತಿರುವ ಇನ್ನೊಂದನ್ನು ಮಂಜುವಿಗೆ ನಾನೇ ಹೇಳಿದೆ. ಜಾತಕ ಕಥೆಗಳಲ್ಲಿ 136ನೆಯದು, ಸುವರ್ಣಹಂಸ. ಮನೆಯ ಯಜಮಾನ ತೀರಿಹೋಗಿ ಚಿನ್ನದ ಗರಿಗಳ ಹಂಸವಾಗಿ ಹುಟ್ಟುತ್ತಾನೆ. ಹೆಂಡತಿ, ಮೂವರು ಹೆಣ್ಣುಮಕ್ಕಳು ಬೇರೆಯವರ ಮನೆಯಲ್ಲಿ ದುಡಿಯುವುದನ್ನು ಕಂಡು, ಆಗಾಗ ಬಂದು ಒಂದೊಂದು ಗರಿ ಕೊಟ್ಟುಹೋಗುತ್ತಾನೆ. ಮನೆ ಚೇತರಿಸಿಕೊಳ್ಳುತ್ತದೆ. ಹಕ್ಕಿಯನ್ನು ನಂಬುವುದು ಹೇಗೆ, ಒಂದು ದಿನ ಬಾರದೇ ಹೋದರೆ, ಎಲ್ಲ ಗರಿ ಕಿತ್ತುಬಿಡೋಣ ಎಂದು ತಾಯಿ ಹೇಳುತ್ತಾಳೆ. ಹಕ್ಕಿಗೆ ನೋವಾಗುತ್ತದೆ, ಬೇಡ ಎನ್ನುವವರು ಮಕ್ಕಳು. ತಾಯಿ ಕೇಳದೆ ಕಿತ್ತಾಗ ಗರಿಗಳು ಕೊಕ್ಕರೆಯ ಗರಿಗಳಂತಾಗುತ್ತವೆ, ಬಲವಂತದಿಂದ ಕಿತ್ತದ್ದು ಚಿನ್ನವಾಗಿ ಉಳಿಯುವುದಿಲ್ಲ. ಹಾರಲಾರದ ಹಕ್ಕಿಯನ್ನು ಅವಳು ದೊಡ್ಡ ಗಡಿಗೆಯೊಳಗೆ ಹಾಕಿ ಸಾಕುತ್ತಾಳೆ. ಮತ್ತೆ ಮೂಡಿದ ಗರಿಗಳೆಲ್ಲ ಬಿಳಿ. ಹಕ್ಕಿ ಹಾರಿಹೋಗುತ್ತದೆ.

ಈ ಕಥೆಯನ್ನು ಆರಿಸಲು ಕಾರಣವಿದೆ. ಕಿತ್ತುಕೊಳ್ಳುವ ಕೈಯ ಹಿಂದೆ "ಬಾರದೇ ಹೋದರೆ" ಎಂಬ ಭಯವಿದೆಯೆಂದು ಅದು ಬಾಯಿಬಿಟ್ಟು ಹೇಳುತ್ತದೆ. ಬೇಡ ಎನ್ನುವ ಬುದ್ಧಿ ಅದರಲ್ಲಿ ಮಕ್ಕಳಿಗಿದೆ. ನೀತಿ ಹೇಳದೆ ಸುಮ್ಮನಾದೆ. "ಆ ಹುಡುಗೀರು ಬೇಡ ಅಂದ್ರೂ ಅವರಮ್ಮ ಕಿತ್ಲಾ?" ಎಂದು ಮಂಜು ಸಿಟ್ಟಿನಿಂದ ಕೇಳಿದ. ಸ್ವಲ್ಪ ಹೊತ್ತು ಬಿಟ್ಟು, "ಹಂಸ ಹೋಗಿ ಬರ್ತೀನಿ ಅಂತ ಮೊದ್ಲೇ ಹೇಳ್ಬೇಕಿತ್ತು" ಎಂದ.

ಮನೆಯವರಿಗೆ ಕೊಟ್ಟ ಸಲಹೆ ಅಲ್ಲಿಂದಲೇ ಶುರು. ತಂದೆಯನ್ನು ಕರೆಸಿ ಹೇಳಿದೆ: ನಿಮ್ಮ ಕೈಯಲ್ಲಿಲ್ಲದ್ದರ ಮಾತು ಕೊಡಬೇಡ್ರಿ. ಯಾವತ್ತು ಬರ್ತೀನಿ ಅನ್ನಬೇಡ್ರಿ, ಬಂದ ದಿನ ಸಂಜೆ ಕುಂದವಾಡ ಕೆರೆಗೆ ಕರ್ಕೊಂಡು ಹೋಗ್ತೀನಿ ಅನ್ನಿ, ಎಷ್ಟು ಸುಸ್ತಾಗಿದ್ರೂ ಹೋಗ್ರಿ. ಲಾರಿ ಎಲ್ಲೇ ನಿಂತಿರಲಿ, ರಾತ್ರಿ ಎಂಟಕ್ಕೆ ಎರಡು ನಿಮಿಷ ಫೋನ್ ಮಾಡ್ರಿ. ದೊಡ್ಡ ಉಡುಗೊರೆಗಿಂತ ಸಣ್ಣ ಮಾತು ಉಳಿಯುವುದು ಈ ಮಗುವಿಗೆ ಮುಖ್ಯ.

ತಾಯಿಗೆ ಹೇಳಿದ್ದು: ಮುಚ್ಚಳವಿರುವ ಒಂದು ಡಬ್ಬಿ ಅವನಿಗೇ ಕೊಡಿ, ದಿನಾ ಎರಡು ಹಿಡಿ ಮಂಡಕ್ಕಿಯೋ ಶೇಂಗಾವೋ ಹಾಕಿ. ಅದನ್ನು ತೆರೆದು ನೋಡುವುದು, ಎಷ್ಟು ತಿಂದೆ ಎಂದು ಕೇಳುವುದು, ತಂಗಿಗೆ ಕೊಡು ಎಂದು ಒತ್ತಾಯಿಸುವುದು ಬೇಡ. ಸೈಟಿಗೆ ಹಣ ಕೂಡಿಸುತ್ತಿರುವ ಈ ಮನೆಯಲ್ಲಿ "ಸಾಲಲ್ಲ", "ಇನ್ನೂ ಬೇಕು" ಎಂಬ ಮಾತು ಹೊತ್ತು ಹೊತ್ತಿಗೂ ಬರುತ್ತದೆ. ಅದು ದುರಾಸೆಯಲ್ಲ. ಆದರೂ ಊಟದ ತಟ್ಟೆಯ ಮುಂದೆಯೋ ಅಂಗಡಿಯಲ್ಲೋ "ನಮಗಿಷ್ಟು ಸಾಕು" ಎಂದು ದೊಡ್ಡವರು ಹೇಳುವುದು ಅವನ ಕಿವಿಗೆ ಬೀಳಲಿ.

ತೆಗೆದುಕೊಂಡಿದ್ದನ್ನು ಹಿಂದಿರುಗಿಸುವ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ ಎಂದೆ. ಶಾಲೆ ಬಿಟ್ಟ ಮೇಲೆ, ಟೀಚರ್ ಒಬ್ಬರೇ ಇರುವಾಗ, ಅವನೇ ಅವರ ಕೈಗೆ ಕೊಡಬೇಕು. ತರಗತಿಯ ಮುಂದೆ ಹೇಳಿಸುವುದು ಬೇಡವೆಂದು ಟೀಚರಿಗೆ ಫೋನಿನಲ್ಲಿ ಕೇಳಿಕೊಂಡೆ, ಅವರು ಒಪ್ಪಿದರು.

ಅಜ್ಜಿಗೆ ಕೆಲಸ ಬೇಕಿತ್ತು, ಕಥೆ ಕಿತ್ತುಕೊಂಡಿದ್ದಕ್ಕೆ ಅವರಿಗೆ ಬೇಜಾರಾಗಿತ್ತು. "ಅಜ್ಜಿ, ಕೋಳಿ ಬ್ಯಾಡ. ನಿಮ್ಮ ಊರಾಗೆ ನೀವು ಕಣ್ಣಾರೆ ಕಂಡಿದ್ದು ಏನಾರ ಹೇಳ್ರಿ" ಎಂದೆ. ಅವರು ಹೇಳಿದ್ದು ಯಾವ ಪುಸ್ತಕದಲ್ಲೂ ಇಲ್ಲ.

ಅವರು ಮದುವೆಯಾಗಿ ಬಂದ ಹೊಸದರಲ್ಲಿ ಮಳೆ ಕೈಕೊಟ್ಟಿತು. ಕೇರಿಗೆಲ್ಲ ನೀರಿದ್ದದ್ದು ಅವರ ಅತ್ತೆಯ ಬಾವಿಯಲ್ಲಿ ಮಾತ್ರ. ಅತ್ತೆ ಬಾವಿಗೆ ಬೇಲಿ ಹಾಕಲಿಲ್ಲ. ಮನೆಗೆ ಎರಡು ಕೊಡ ಎಂದು ಕಟ್ಟು ಮಾಡಿದರು, ತಮ್ಮ ಮನೆಗೂ ಎರಡೇ. ಬೇಸಿಗೆ ಮುಗಿಯುವವರೆಗೂ ತಳದಲ್ಲಿ ನೀರು ಉಳಿಯಿತು.

"ಯಾರೂ ಮೂರನೇ ಕೊಡ ಕದೀಲಿಲ್ವಾ ಅಜ್ಜಿ?" ಎಂದು ಮಂಜು ಕೇಳಿದ್ದನಂತೆ.

"ಕದ್ಲು ಒಬ್ಳು. ನಸುಕಿನಾಗೆ ಬಂದಿದ್ಲು. ನಮ್ಮತ್ತೆ ಕೈ ಹಿಡಿದು ಯಾಕೆ ಅಂತ ಕೇಳಿದ್ಲು. ಮನೇಲಿ ಬಾಣಂತಿ ಐತೆ ಅಂದ್ಲು. ಮೊದ್ಲೇ ಹೇಳ್ಬಾರ್ದೇನೇ ಅಂತ ಬೈದು, ಅವತ್ತಿಂದ ಆ ಮನೆಗೆ ಮೂರು ಕೊಡ ಮಾಡಿದ್ಲು."

ಬೇಕಾದ್ದಕ್ಕೂ ಬೇಡದ್ದಕ್ಕೂ ಇರುವ ಗೆರೆಯನ್ನು ಇಷ್ಟು ಚೆನ್ನಾಗಿ ಎಳೆಯಲು ನನಗೆ ಬರುತ್ತಿರಲಿಲ್ಲ. ಇಂಥವು ಪ್ರತಿ ಮನೆಯ ಹಿರಿಯರಲ್ಲೂ ಇರುತ್ತವೆ. ಕೇಳಿ ಹೇಳಿಸಿ ಎಂದು ನನ್ನ ಹತ್ತಿರ ಬರುವ ತಂದೆತಾಯಿಗೆಲ್ಲ ಹೇಳುತ್ತಿದ್ದೇನೆ.

ಮೊದಮೊದಲು ಡಬ್ಬಿ ತುಂಬುತ್ತಲೇ ಹೋಯಿತು. ಬರಬರುತ್ತಾ ಸಂಜೆಯ ಹೊತ್ತಿಗೆ ಖಾಲಿಯಾಗತೊಡಗಿತು. ಟ್ರಂಕಿನ ಹಿಂದೆ ಮತ್ತೆ ಒಂದೆರಡು ರಬ್ಬರ್ ಸಿಕ್ಕವು, ಅವನ್ನೂ ವಾಪಸ್ ಮಾಡಿಸಿದರು. ತಾಯಿಯ ಹೊಸ ದೂರು ಬೇರೆ: "ಈಗ ಬಾಯಿಬಿಟ್ಟು ಕೇಳೋದು ಜಾಸ್ತಿ ಆಗಿದೆ ಮೇಡಂ." ಅದು ನನಗೆ ಸಂತೋಷದ ಸುದ್ದಿ. ಕೇಳುವ ಮಗು ಕದಿಯಬೇಕಾಗಿಲ್ಲ. ಕೇಳಿದ್ದೆಲ್ಲ ಕೊಡಲೂ ಬೇಕಿಲ್ಲ. "ಇಲ್ಲ" ಎಂದರೆ ಕಾರಣ ಹೇಳಿ, ಅತ್ತರೂ ಹಟ ಹಿಡಿದರೂ ಆ "ಇಲ್ಲ" ಬದಲಾಗದಿರಲಿ. ಕೊಟ್ಟ ಮಾತಿನಷ್ಟೇ ಅದೂ ಗಟ್ಟಿಯಾಗಿರಬೇಕು ಎಂದೆ.

ಕೂಡಿಡುವ ಎಲ್ಲ ಮಕ್ಕಳದ್ದೂ ಇದೇ ಕಥೆಯಲ್ಲ. ನಿದ್ದೆ ಕೆಟ್ಟಿದ್ದರೆ, ಹಾಸಿಗೆ ಒದ್ದೆ ಮಾಡುವುದು ನಿಂತಿದ್ದು ಮತ್ತೆ ಶುರುವಾಗಿದ್ದರೆ, ಮನೆಯಲ್ಲಿ ಸಾವೋ ಅಗಲಿಕೆಯೋ ಆಗಿದ್ದರೆ ಕಥೆ, ಡಬ್ಬಿಗಳನ್ನು ನೆಚ್ಚಿ ಕೂರದೆ ತಜ್ಞರಿಗೆ ತೋರಿಸಿ. ಯಾರ ಹತ್ತಿರ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬೇಸಿಗೆ ರಜೆಗೆ ಅಜ್ಜಿಯ ಜೊತೆ ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ ಮಂಜು. ಕಳಿಸಬಹುದಾ ಎಂದು ತಾಯಿ ಅಳುಕುತ್ತಲೇ ಕೇಳಿದರು. ಕಳಿಸಿ, ಆದರೆ ಕರೆತರುವ ತಾರೀಖನ್ನು ಹೊರಡುವ ಮೊದಲೇ ಅವನ ಕೈಯಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಅವತ್ತು ಅವರಪ್ಪನ ಲಾರಿ ಎಲ್ಲೇ ಇದ್ದರೂ ನೀವು ಮೊದಲ ಬಸ್ಸಿಗೇ ಹೋಗಿಳಿಯಬೇಕು ಎಂದೆ.