ಸುಮ್ನೆ ಕೊಡ್ತೀನಿ ಅಂದ ರೇಸ್ ಕುದುರೆ

ಪ್ರಶ್ನೆ: ತಿಪಟೂರು ಹತ್ತಿರ ನಮ್ಮದು 3 ಎಕರೆ ತೆಂಗಿನ ತೋಟ, 2 ಹಸು ಇವೆ. ಬೆಂಗಳೂರಿನಲ್ಲಿ ರೇಸ್ ಓಡಿ ಬಿಟ್ಟ 6 ವರ್ಷದ ಕುದುರೆಯನ್ನು ಪರಿಚಯದವರೊಬ್ಬರು ಸುಮ್ನೆ ಕೊಡ್ತೀನಿ ಅಂತಿದ್ದಾರೆ. ನಾವು ಬೇಡ ಅಂದರೆ ಅದು ಟಾಂಗಾ ಎಳೆಯೋಕೆ ಹೋಗುತ್ತಂತೆ. 12 ವರ್ಷದ ಮಗಳಿಗೆ ಸವಾರಿ ಆಸೆ. ತರಬಹುದಾ?

ಉತ್ತರ: ಈಗಲೇ ಬೇಡ. ಕುದುರೆ 25–30 ವರ್ಷ ಬದುಕುತ್ತದೆ, ನಿಮ್ಮ ಮಗಳು ಓದು ಮುಗಿಸಿ ಕೆಲಸ ಹಿಡಿದು ಊರು ಬಿಟ್ಟ ಮೇಲೂ ಅದು ನಿಮ್ಮ ತೋಟದಲ್ಲೇ ಇರುತ್ತದೆ ಅಲ್ವಾ?

ನನಗೆ ಜಾಸ್ತಿ ಭಯ ಮೇವಿನದು. ಹಸುವಿಗೆ ಹಾಕುವುದನ್ನೇ ಇದಕ್ಕೂ ಹಾಕಿದರಾಯ್ತು ಅಂದುಕೊಂಡಿರುತ್ತೀರಿ. ನೇಪಿಯರ್ ಹುಲ್ಲು, ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬೂಸಾದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಅದೂ ಕ್ಯಾಲ್ಸಿಯಂಗೆ ಅಡ್ಡಿ. ಹಸುವಿನ ಹೊಟ್ಟೆ ಇದನ್ನೆಲ್ಲ ಸಂಭಾಳಿಸುತ್ತದೆ, ಆದರೆ ತಿಂಗಳುಗಟ್ಟಲೆ ಇದನ್ನೇ ತಿಂದ ಕುದುರೆಯ ಮೂಳೆ ಸವೆದು ಕುಂಟು ಬರುತ್ತದೆ, ಮುಖದ ಮೂಳೆಯೂ ಊದಿಕೊಳ್ಳುತ್ತದೆ. ಹಸುವಿನ ಫೀಡ್‌ನಲ್ಲಿ ಮೊನೆನ್ಸಿನ್ (ದನದ ಮೇವಿಗೆ ಬೆರೆಸುವ ಒಂದು ಔಷಧಿ) ಬೆರೆತಿದ್ದರಂತೂ ಕುದುರೆಗೆ ಅದು ವಿಷವೇ. ಒಳ್ಳೆ ಒಣಹುಲ್ಲು (ಭತ್ತದ ಹುಲ್ಲಲ್ಲ, ಹಸಿರು ಹುಲ್ಲನ್ನೇ ಒಣಗಿಸಿದ್ದು), ಜೊತೆಗೆ ಸ್ವಲ್ಪ ಲೂಸರ್ನ್ (ನಮ್ಮ ಕಡೆ ಕುದುರೆ ಮಸಾಲೆ ಅಂತೀವಲ್ಲ, ಅದೇ) ಬೇಕು. 450 ಕೆಜಿ ತೂಗುವ ಕುದುರೆಗೆ ದಿನಕ್ಕೆ ಸುಮಾರು 9 ಕೆಜಿ ಒಣಮೇವು, 30–40 ಲೀಟರ್ ನೀರು. ಮೇವು ದಿಢೀರ್ ಬದಲಾದರೆ ಹೊಟ್ಟೆನೋವು ಬರಬಹುದು, ಕುದುರೆಗೆ ವಾಂತಿ ಮಾಡೋಕೇ ಆಗದು, ಹಾಗಾಗಿ ಆ ನೋವು ಪ್ರಾಣಕ್ಕೂ ಕುತ್ತು ತರಬಹುದು.

6–8 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಎತ್ತಿನ ಲಾಳ ಕಟ್ಟುವವರಿಗೆ ಈ ಕೆಲಸ ಬಾರದೆ ಇರಬಹುದು, ವಿಚಾರಿಸಿ.

ಸವಾರಿ ಅಂತೀರಾ? ರೇಸ್ ಕುದುರೆಗೆ ಹೇಳಿಕೊಟ್ಟಿರುವುದು ಓಡೋದು. ತಿಂಗಳುಗಟ್ಟಲೆ ವಿಶ್ರಾಂತಿ ಕೊಟ್ಟು, ಬಲ್ಲವರ ಕೈಲಿ ಮತ್ತೆ ಪಳಗಿಸದೆ ಹೊಸಬರನ್ನು ಅದರ ಮೇಲೆ ಕೂರಿಸಬೇಡಿ. ಮಗಳನ್ನು ಮೊದಲು ಸವಾರಿ ಶಾಲೆಗೆ ಸೇರಿಸಿ. ಇನ್ನೊಂದು ವಿಷಯ, ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ.

ಆ ಪರಿಚಯದವರಿಗೆ ನಿಜಕ್ಕೂ ಅದರ ಮೇಲೆ ಕಾಳಜಿ ಇದ್ದರೆ, ಈಗಾಗಲೇ ಕುದುರೆಗಳಿರುವ ಜಾಗ ಹುಡುಕಲಿ, ನೀವೂ ಕೈಜೋಡಿಸಿ, ತಿಂಗಳ ಮೇವಿನ ಖರ್ಚಲ್ಲಿ ಒಂದು ಪಾಲು ಕೊಡಿ. ಅಷ್ಟಾದರೂ ತರಲೇಬೇಕು ಅನ್ನಿಸಿದರೆ, ಮೊದಲು ಪಶುವೈದ್ಯರಿಗೆ ಕಾಲು ತೋರಿಸಿ, ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಮಾಡಿಸಿ (ಈ ರೋಗ ಮನುಷ್ಯರಿಗೂ ಹರಡುತ್ತದೆ). ಹೊಂದಿಕೆಯಾಗದಿದ್ದರೆ ಕುದುರೆಯನ್ನು ವಾಪಸ್ ತಗೊಳ್ತೀನಿ ಅಂತ ಅವರಿಂದ ಬರೆಸಿಕೊಳ್ಳಿ. ಬರೆದುಕೊಡೋಕೆ ಹಿಂದೇಟು ಹಾಕಿದರೆ ಯಾಕೆ ಅಂತ ಕೇಳಿ.